ಶಾರ್ಕಿನ ಆರು ಪೆಟ್ಟಿಗೆ

ಪೋರ್ಟ್ ಲಿಂಕನ್ನಿನ ಮೀನುದೋಣಿಗಳ ಧಕ್ಕೆಯಲ್ಲಿ ವಿಂಕೊನ ಮೂಗಿಗಿದ್ದ ಮರ್ಯಾದೆ ಪಾದ್ರಿಯ ಮಾತಿಗೂ ಇರಲಿಲ್ಲ. ಅವನ ಅಪ್ಪ ಕ್ರೊವೇಷಿಯಾದ ದ್ವೀಪವೊಂದರಿಂದ ಬಂದು ಕೈಗಾಡಿಯಲ್ಲಿ ಮೀನು ಮಾರಿದ; ಉಳಿದದ್ದನ್ನು ಅಮ್ಮ ಕರಿದು ಕೊಟ್ಟಳು. ಹಾಗೆ ಹುಟ್ಟಿದ್ದು ಈ ಅಂಗಡಿ: ಮುಂದೆ ಮೀನಿನ ಕಟ್ಟೆ, ಹಿಂದೆ ಹೋಟೆಲು. ಬಾಗಿಲು ತೆರೆಯುವ ಮುಂಚೆ ಮನೆಯ ಯಜಮಾನ ಪ್ರತಿ ಪೆಟ್ಟಿಗೆಯನ್ನೂ ಮೂಸಬೇಕು. ಅವನು ‘ಹೂಂ’ ಅಂದರೆ ಕಟ್ಟೆಗೆ, ಅಡ್ಡಡ್ಡ ತಲೆ ಅಲ್ಲಾಡಿಸಿದರೆ ಏಡಿ ಹಿಡಿಯುವವರಿಗೆ ಎರೆಯಾಗಿ. ಅರವತ್ತು ವರ್ಷದಿಂದ ಮನೆಯ ಕಾನೂನು ಇದೇ.

ಆ ಮೂಗು ಕಳೆದ ಜುಲೈ ತಿಂಗಳ ಜ್ವರದಲ್ಲಿ ಸತ್ತುಹೋಗಿತ್ತು. ವಿಂಕೊ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕಿವಿರಿನ ಕೆಂಪು ನೋಡಿ, ಬೆರಳಿನಿಂದ ಒತ್ತಿ, ಆಮೇಲೆ ಬಗ್ಗಿ ಮೂಸಿದಂತೆ ನಟಿಸಿ ಒಂಬತ್ತು ತಿಂಗಳು ತಳ್ಳಿದ್ದ. ಶಾರ್ಕ್ ಒಂದನ್ನು ಮಾತ್ರ ಏನೇನೋ ನೆಪ ಹೇಳಿ ಅಂಗಡಿಯೊಳಗೆ ಬಿಟ್ಟಿರಲಿಲ್ಲ. ಅದು ದೋಣಿಯಲ್ಲೇ ತಲೆ, ಚರ್ಮ ಕಳೆದುಕೊಂಡು ಬರುವ ಮೀನು. ನೋಡಲು ಬೆಳ್ಳಗೆ, ಮುಟ್ಟಲು ಗಟ್ಟಿ. ಕೆಟ್ಟಿದ್ದರೆ ಹೇಳುವುದು ಘಾಟು ಮಾತ್ರ.

ಇಂದು, ಊರೆಲ್ಲ ಮಾಂಸ ಬಿಟ್ಟು ಮೀನು ತಿನ್ನುವ ಶುಭ ಶುಕ್ರವಾರದ ಹಿಂದಿನ ದಿನ. ಹೊರಗೆ ಗಿರಾಕಿಗಳ ಸಾಲು ಬೀದಿಯ ತಿರುವು ದಾಟಿತ್ತು. ಒಳಗೆ, ವಿಂಕೊನ ಕಾಲ ಬಳಿ, ಶಾರ್ಕಿನ ಆರು ಪೆಟ್ಟಿಗೆ.

“ಯಾರನ್ನ ಕೇಳಿ ತರಿಸ್ದೆ?” ಎಂದ.

“ನಿನ್ನ ಕೇಳಿದ್ರೆ ಮುಂದಿನ ಈಸ್ಟರ್‌ಗೆ ಬರ್ತಿತ್ತು,” ಎಂದಳು ಮಗಳು ತೋಂಕಾ. ಹೋಟೆಲು ಅವಳದ್ದು, ನಾಲಿಗೆಯೂ ಅವಳದ್ದೇ. “ಪೆರೊ ತಂದಿದಾನೆ. ಬೇಗ ಮೂಸಪ್ಪ, ಎಣ್ಣೆ ಕಾದಿದೆ.”

ಪೆರೊ ಬಾಗಿಲಲ್ಲಿ ಟೋಪಿ ಹಿಚುಕುತ್ತ ನಿಂತಿದ್ದ. ಅವನು ವಿಂಕೊನ ಚಿಕ್ಕಪ್ಪ ಲೂಕನ ಮೊಮ್ಮಗ. ನಲವತ್ತು ವರ್ಷದ ಹಿಂದೆ ಇಂಥದ್ದೇ ಗುರುವಾರ ವಿಂಕೊನ ಅಪ್ಪ ಸ್ವಂತ ತಮ್ಮ ಲೂಕ ತಂದ ಮೀನನ್ನು ಎಲ್ಲರೆದುರು ವಾಪಸು ಕಳಿಸಿದ್ದ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಅಪ್ಪ ಸಾಯುವಾಗಲೂ, “ಆವತ್ತು ನನ್ನ ಮೂಗು ತಪ್ಪಿತೇನೋ ವಿಂಕೊ,” ಎಂದು ಕೊರಗಿದ್ದ. ಒಡೆದ ಮನೆ ಕೂಡಲಿ ಎಂದೇ ತೋಂಕಾ ಈ ಮೀನು ತರಿಸಿದ್ದಳು.

ವಿಂಕೊ ಬಗ್ಗಿದ. ಮಂಜುಗಡ್ಡೆಯ ತಣ್ಣನೆ ಗಾಳಿ ಬಿಟ್ಟರೆ ಏನೂ ಇಲ್ಲ. ಹೂಂ ಅಂದು ಮೀನು ಕೆಟ್ಟಿದ್ದರೆ ನಾಳೆ ಊರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತದೆ, ಅಪ್ಪನ ಅಂಗಡಿಯ ಹೆಸರು ಮಣ್ಣುಪಾಲು. ಬೇಡ ಅಂದು ಮೀನು ಚೆನ್ನಾಗಿದ್ದರೆ ಲೂಕನ ಮನೆ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

“ದೊಡ್ಡಪ್ಪ, ಬೇಡ ಅನ್ನೋದಿದ್ರೆ ಬೇಗ ಅಂದ್ಬಿಡಿ,” ಎಂದ ಪೆರೊ. “ನಮ್ಗೇನು ಹೊಸದಲ್ಲ.”

ಆ ಮಾತು ವಿಂಕೊನನ್ನು ಚುಚ್ಚಿತು. ಮಂಡಿ ಹಿಡಿದುಕೊಂಡು ನೆಟ್ಟಗಾದ.

“ನಂಗೆ ವಾಸನೆ ಬರಲ್ಲ,” ಎಂದ. “ಜುಲೈಯಿಂದ.”

ತೋಂಕಾಳ ಮುಖ ಕೆಂಪೇರಿತು. “ಒಂಬತ್ತು ತಿಂಗಳು! ದೇವರೇ, ಜನಕ್ಕೆ ಏನೇನು ತಿನ್ಸಿದೀವಪ್ಪ ನಾವು?”

“ಉಳಿದ ಮೀನಿಗೆ ಕಣ್ಣು ಸಾಕಾಗ್ತಿತ್ತು ಮಗಳೇ. ಇದಕ್ಕೆ ಸಾಕಾಗಲ್ಲ. ಮೂಗು ಹೋಯ್ತು ಅಂದ್ರೆ ನಾನು ಯಾರು ಈ ಅಂಗಡೀಲಿ?”

ಹೊರಗೆ ಯಾರೋ ಬಾಗಿಲು ಬಡಿದರು.

ಪೆರೊ ಟೋಪಿ ಕೆಳಗಿಟ್ಟು ಮೊದಲ ಪೆಟ್ಟಿಗೆಗೆ ತಾನೇ ಬಗ್ಗಿದ. ಎರಡನೆಯದು, ಮೂರನೆಯದು. ನಾಲ್ಕನೆಯದರ ಬಳಿ ತಡೆದು ನಿಂತ. ಅವನು ಸುಮ್ಮನೆ ಮುಂದೆ ಹೋಗಿದ್ದರೆ ವಿಂಕೊಗೆ ಗೊತ್ತೇ ಆಗುತ್ತಿರಲಿಲ್ಲ. ಪೆರೊ ಆ ಪೆಟ್ಟಿಗೆಯನ್ನು ಎಳೆದು ಬಾಗಿಲಾಚೆ ಇಟ್ಟ. ಬಂದು ಉಳಿದೆರಡನ್ನೂ ಮೂಸಿದ.

“ಅದೊಂದು ಬೇಡ,” ಎಂದ. ಆಮೇಲೆ ನೆಲ ನೋಡುತ್ತ, “ದೊಡ್ಡಪ್ಪ, ತಾತ ಸಾಯೋ ಮುಂಚೆ ನಂಗೊಂದು ಹೇಳಿದ್ರು. ‘ಆವತ್ತು ಮೀನು ಕೆಟ್ಟಿತ್ತು, ನಂಗೂ ಗೊತ್ತಿತ್ತು, ಅಣ್ಣನ ಮನೇಲಿ ಹೇಳು’ ಅಂತ. ನಾಚ್ಕೆಯಾಗಿ ನಾನು ಹೇಳ್ಲಿಲ್ಲ.”

ವಿಂಕೊ ಕಟ್ಟೆಗೆ ಕೈಯೂರಿದ. ಅಪ್ಪ ಬದುಕಿದ್ದಾಗಲೇ ಈ ಮಾತು ಕೇಳಬೇಕಿತ್ತು ಅನ್ನಿಸಿತು. ಕಣ್ಣೊರೆಸಿಕೊಳ್ಳಲು ಅವನೇನೂ ನಾಚಲಿಲ್ಲ.

ತೋಂಕಾ ಏಪ್ರನ್ನಿಗೆ ಕೈ ಒರೆಸಿಕೊಂಡು ಐದೂ ಪೆಟ್ಟಿಗೆಗಳನ್ನು ನಿಧಾನವಾಗಿ ಮೂಸಿದಳು. ಕೊನೆಗೆ ಅಪ್ಪನ ಮುಖ ನೋಡಿ, “ಹೂಂ,” ಎಂದಳು.

ವಿಂಕೊ ಮೊದಲ ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದ, ಇನ್ನೊಂದನ್ನು ಪೆರೊ ಹಿಡಿದ. ಇಬ್ಬರೂ ಅದನ್ನು ಕಟ್ಟೆಗೆ ಹೊತ್ತೊಯ್ದರು.