ಆಫೀಸಿನಲ್ಲಷ್ಟೇ ಓದಲು ಬರುವ ಕನ್ನಡ

ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಅದು. ಯುಗಾದಿ ಕಳೆದಿತ್ತು, ಬೆಳಿಗ್ಗೆಯೇ ಗಾಳಿ ಕಾದಿತ್ತು. ಭಾಲ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಜಮೋದ್ದೀನ ತನ್ನ ಬಸ್ಸಿನ ಗಾಜುಗಳನ್ನು ಹಳೆಯ ಪೇಪರಿನಿಂದ ಒರೆಸುತ್ತಿದ್ದ. ತೊಳೆಯಲು ನೀರಿರಲಿಲ್ಲ. ರಾತ್ರಿಯೆಲ್ಲ ಪುಣೆಯಿಂದ ಓಡಿಸಿಕೊಂಡು ಬಂದಿದ್ದ ಬಸ್ಸು ಅದು. ಇಳಿದವರು ಬೆರಳೆಣಿಕೆಯಷ್ಟು. ಮುಂದೆ ಔರಾದದ ಕಡೆಗೆ ಹೋಗುವವರು ಒಬ್ಬರೂ ಇಲ್ಲದ್ದರಿಂದ ಬಸ್ಸು ಇಲ್ಲೇ ನಿಂತಿತ್ತು.

ಆಫೀಸಿನೊಳಗೆ ಅವನ ಹೆಂಡತಿ ಕುಬರಾ ಕುರ್ಚಿಯಲ್ಲಿ ಕೂಡುತ್ತಿದ್ದಳು, ಏಳುತ್ತಿದ್ದಳು. ಟಿಕೆಟು ಬರೆಯುವುದು, ಫೋನು ಎತ್ತುವುದು, ಲೆಕ್ಕ ಎಲ್ಲ ಅವಳದೇ. ಇವರದು ಎರಡು ಬಸ್ಸು. ಒಂದು ಬೀದರದಿಂದ ಹೈದರಾಬಾದಿಗೆ. ಇನ್ನೊಂದು ಔರಾದದಿಂದ ಸಂತಪುರ, ಭಾಲ್ಕಿ ಹಾದು ಪುಣೆಗೆ. ಬಾವಿ ಬತ್ತಿದ ಊರುಗಳಿಂದ ಜನ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗುವಾಗ ಬಸ್ಸು ತುಂಬಿ ಹೋಗುತ್ತಿತ್ತು. ಬರುವಾಗ ಮಾತ್ರ ಈಚೆಗೆ ಖಾಲಿ. ಹೋದವರು ಹಬ್ಬಕ್ಕೆ, ಸಾವಿಗೆ, ಹೆರಿಗೆಗೆ ತಿರುಗಿ ಬರಲೇಬೇಕಲ್ಲ? ಅವರೆಲ್ಲ ಯಾವುದರಲ್ಲಿ ಬರುತ್ತಿದ್ದಾರೆ?

"ಶುಕ್ರವಾರದ ತನಕ ನೋಡ್ತೇನಿ," ಎಂದಳು ಕುಬರಾ ಬಾಗಿಲಿಗೆ ಬಂದು. "ಹಿಂಗೇ ಆದ್ರ ಪುಣೆ ಗಾಡಿ ಬಂದ್."

"ಬಂದ್ ಮಾಡಿ ನಾ ಏನ್ ಮಾಡ್ಲಿ? ನಿನ್ನ ಆಫೀಸಿನ ಕಸಾ ಹೊಡೀಲೇನು?" ಎಂದ ನಜಮೋದ್ದೀನ.

"ಅದೂ ನೆಟ್ಟಗ ಬರಂಗಿಲ್ಲ ನಿಮಗ."

ಆಗ ಓಣಿಯ ತುದಿಯಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಒಂದು ಚೀಲ, ಸೀರೆಯ ಮೇಲೆಲ್ಲ ದಾರಿಯ ಧೂಳು. ಬಸ್ಸಿನ ಮುಂದೆ ನಿಂತು ಅದರ ಹೆಸರನ್ನು ಓದಿದಳು. ನಂತರ ಆಫೀಸಿನ ಮೆಟ್ಟಿಲು ಹತ್ತಿದಳು.

"ಈ ಗಾಡಿ ರಾತ್ರಿ ಪುಣೆಯಾಗ ಎಲ್ಲಿ ನಿಂತಿತ್ರಿ?"

"ಈಗ ಹಡಪಸರ ಗಾಡಿತಳದ ಸ್ಟಾಪಿನ್ಯಾಗ ನಿಂದರ್ತದ. ಯಾಕ್ರೀ?" ಎಂದಳು ಕುಬರಾ.

"ನಾ ಸ್ಟೇಷನ್ ಮುಂದ ನಿಂತಿದ್ದೆ. ಮೊದಲಿನ ಜಾಗಾದಾಗ. ಕತ್ತಲಾಗೋ ತನಕ ನಿಂತೆ."

ಸ್ಟೇಷನ್ ಮುಂದಿನ ಜಾಗ ರಸ್ತೆ ಅಗಲ ಮಾಡುವ ಕೆಲಸಕ್ಕೆ ಹೋಗಿ ಮೂರು ವಾರವಾಗಿತ್ತು. ಹೊಸ ಜಾಗ, ಹೊಸ ಹೊತ್ತು ಎಲ್ಲವನ್ನೂ ಕುಬರಾ ಅಂದೇ ವೆಬ್‌ಸೈಟಿಗೆ ಹಾಕಿಸಿದ್ದಳು. "ಎಲ್ಲಾ ವೆಬ್‌ಸೈಟಿನ್ಯಾಗ ಅದ ಅವ್ವಾ, ನೋಡ್ಕೋಬೇಕಿಲ್ಲೇನು?" ಎಂದಳು.

"ಹಿಂಗೇ ಅಂದಿದ್ರಿ. ನಿನ್ನೆ ನಮ್ಮ ಮನಿಯವರು ಫೋನ್ ಮಾಡಿದಾಗೂ ಹಿಂಗೇ ಅಂದು ಇಟ್ಟಿರಿ." ಹೆಂಗಸು ಸೆರಗಿನ ಗಂಟಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು. "ಓದ್ರಿ ನೀವೇ. ನಾ ಏಳನೇತ್ತ ತನಕ ಕನ್ನಡ ಸಾಲಿ ಕಲತಾಕಿ. ನನಗಂತೂ ಬರಲಿಲ್ಲ."

ಫೋನಿನಲ್ಲಿ ಕುಬರಾಳ ಬಸ್ಸಿನ ಚಿತ್ರವಿತ್ತು. ಅದರ ಕೆಳಗೆ ಇಂಗ್ಲಿಷಿನ ಮುರುಕು ಅಕ್ಷರಗಳು, ತಲೆಯ ಮೇಲೆ ಗೀಟು, ಬಾಲದಲ್ಲಿ ಕೊಕ್ಕೆ, ನಡುನಡುವೆ ಚೌಕ. ಇರುವೆಗಳು ಕಾಲಿಗೆ ಮಸಿ ಹಚ್ಚಿಕೊಂಡು ಓಡಾಡಿದಂತಿತ್ತು. ಕುಬರಾ ತನ್ನ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದಳು. ಅಲ್ಲಿ ದುಂಡನೆಯ ಕನ್ನಡ, ಲಗ್ನಪತ್ರಿಕೆಯ ಹಾಗೆ.

"ನಿನ್ನ ಫೋನೇ ಕೆಟ್ಟದ," ಎಂದಳು.

"ನನ್ನ ಫೋನು, ನಮ್ಮ ಮನಿಯವರ ಫೋನು, ಮೇಸ್ತ್ರಿ ಫೋನು. ಎಲ್ಲಾ ಕೆಟ್ಟಾವೇನ್ರಿ? ನಮ್ಮ ಓಣಿಯವರು ಈಗ ಉದಗೀರ ತನಕ ಬರೋ ಬ್ಯಾರೆಯವರ ಗಾಡಿಗೇ ಬರ್ತಾರ. ನಿಮ್ಮ ಗಾಡಿ ನಿಂತದ ಅಂತ ಸುದ್ದಿ ಆಗ್ಯಾದ."

ನಜಮೋದ್ದೀನ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. "ಯಾವೂರು ಅಕ್ಕಾ?"

"ಸಂತಪುರ. ಕೇಶರಬಾಯಿ ಅಂತಾರ. ನಮ್ಮವ್ವ ತೀರ್ಕೊಂಡಾಳ."

"ಹತ್ರಿ ಗಾಡಿ. ಈಗೇ ಬಿಡ್ತೇನಿ."

"ಈಗ್ಯಾಕ್ರಿ? ನಾಕು ಗಾಡಿ ಬದಲ ಮಾಡಿ ಬರೋದ್ರಾಗ ಫೋನ್ ಬಂತು. ಬಿಸಿಲಿಗೆ ಹೆಣ ತಡೀಯಂಗಿಲ್ಲ ಅಂತ ಮುಂಜಾನಿ ಮಣ್ಣು ಕೊಟ್ಟಾರ. ಮಾರಿ ನೋಡೋದು ಮುಗದದ." ಕೇಶರಬಾಯಿ ಫೋನನ್ನು ಮತ್ತೆ ಗಂಟಿಗೆ ಸೇರಿಸಿದಳು. "ನಾ ಸರಕಾರಿ ಗಾಡಿಗೇ ಹೋಗ್ತೇನಿ."

ಅವಳು ಹೋದ ಮೇಲೆ ಕುಬರಾ ಕಂಪ್ಯೂಟರು ಆರಿಸಿ ಫೋನು ಕೈಗೆತ್ತಿಕೊಂಡಳು. ನಂತರ ಚಪ್ಪಲಿ ಮೆಟ್ಟಿ ಬೀದರದ ಬಸ್ಸು ಹಿಡಿದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡಲಿಲ್ಲ.

ವೆಬ್‌ಸೈಟು ಮಾಡಿದವನು ಮಚ್ಛೇಂದ್ರ. ಬೀದರದ ಚೌಬಾರಾ ಗೋಪುರದ ಹತ್ತಿರ ಅವನ ಅಂಗಡಿ. ಮೊದಲು ಲಗ್ನಪತ್ರಿಕೆ ಜೋಡಿಸುತ್ತಿದ್ದ. ಆ ವರ್ಷ ಲಗ್ನಗಳೇ ಕಡಿಮೆ, ಹಾಗಾಗಿ ವ್ಯಾಪಾರಿಗಳಿಗೆ ವೆಬ್‌ಸೈಟು ಮಾಡಿಕೊಡುವುದೇ ಮುಖ್ಯ ಕಸುಬಾಗಿತ್ತು. ಕುಬರಾಳ ಮಾತನ್ನು ಕೇಳಿ ಅವನಿಗೆ ಆಶ್ಚರ್ಯವಾಗಲಿಲ್ಲ.

"ಅದು ಲಗ್ನಪತ್ರಿಕಿ ಫಾಂಟ್ ಅದ ಆಪಾ. ನಿಮ್ಮ ಕಂಪ್ಯೂಟರಿಗೆ ನಾನೇ ಹಾಕಿಕೊಟ್ಟೀನಿ, ಅದಕ್ಕೇ ಅಲ್ಲಿ ಕಾಣಸ್ತದ. ಇಲ್ಲದವರು ಹಾಕ್ಕೋಬೇಕು ಅಂತ ಪುಟದ ಕೆಳಗ ಬರ್ದೀನಲ್ಲ?"

"ಯಾವುದ್ರಾಗ ಬರದೀ?"

"ಕನ್ನಡದಾಗೇ."

"ಅದೇ ಫಾಂಟಿನ್ಯಾಗ?"

ಮಚ್ಛೇಂದ್ರ ತಲೆ ಕೆರೆದುಕೊಂಡ.

"ಅಯ್ಯ ಮಚ್ಛೇಂದ್ರಾ," ಎಂದಳು ಕುಬರಾ, "ಕೀಲಿ ಎಲ್ಲದ ಅಂತ ಚೀಟಿ ಬರದು ಪೆಟ್ಟಿಗಿಯೊಳಗ ಇಟ್ಟು ಕೀಲಿ ಹಾಕಿದ್ಹಂಗ ಆತಲ್ಲೋ ಮಾರಾಯ!"

"ನೋಡ್ರಿ, ಇಲ್ಲೇ ಕೊಳಾರದ ಪೈಪಿನ ಫ್ಯಾಕ್ಟರಿಯವರಿಗೆ ಇದೇ ಮಾಡಿಕೊಟ್ಟೀನಿ, ಔರಾದದ ಬೀಜದ ಅಂಗಡಿಗೆ ಇದೇ. ಒಬ್ರೂ ಕೇಳಿಲ್ಲ."

"ಕೇಳೋರಿಗೆ ಓದಲಿಕ್ಕೆ ಬಂದ್ರಲ್ಲ ಕೇಳೋದು."

ಬೇರೆ ಪದ್ಧತಿ ಇದೆ, ಯೂನಿಕೋಡ್ ಎಂದು, ಎಂದ ಮಚ್ಛೇಂದ್ರ. ಲೋಕಕ್ಕೆಲ್ಲ ಒಂದೇ ಕಟ್ಟಳೆ. ಅದರಲ್ಲಿ ಬರೆದರೆ ಯಾವ ಫೋನಿನಲ್ಲಾದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಆದರೆ ಅಕ್ಷರ ಇಷ್ಟು ಚಂದ ಬರುವುದಿಲ್ಲ. ಎಲ್ಲವನ್ನೂ ಹೊಸದಾಗಿ ಹೊಡೆಯಬೇಕು, ಅವನ ಬೆರಳಿಗೆ ಆ ಕೀಲಿಮಣೆ ರೂಢಿಯಿಲ್ಲ. ಅದಕ್ಕಿಂತ ದೊಡ್ಡ ತೊಡಕನ್ನು ಆಮೇಲೆ ದನಿ ತಗ್ಗಿಸಿ ಹೇಳಿದ: "ನಿಮ್ಮದೊಂದು ತಿದ್ದಿದ್ರ ಉಳದವರೂ ಬರ್ತಾರ. ಮೊದಲೇ ಯಾಕ ಹಿಂಗ ಮಾಡಲಿಲ್ಲ ಅಂತಾರ. ಎಲ್ಲಾ ಪುಕ್ಕಟೆ ಮಾಡಬೇಕಾಗ್ತದ. ಬರಗಾಲದಾಗ ಎಲ್ಲಿಂದ ಮಾಡ್ಲಿ? ಪುಟದ ಫೋಟೋ ತೆಗೆದು ಹಾಕಿಬಿಡ್ತೇನಿ. ಅಕ್ಷರ ಚಂದನೂ ಇರ್ತದ, ಎಲ್ಲಾ ಕಡಿ ಕಾಣಸ್ತದ."

ಅವನ ಮಾತು ತೀರ ಸುಳ್ಳೆಂದು ಕುಬರಾಳಿಗೆ ಅನಿಸಲಿಲ್ಲ. ಅವಳಿಗೂ ಆ ದುಂಡು ಅಕ್ಷರ ಪ್ರೀತಿ. "ಹಾಕು, ನೋಡೋಣ," ಎಂದಳು. ಫೋಟೋ ಏರಿಸಿದ ಮೇಲೆ ಅವಳು ಫೋನಿನಲ್ಲಿ ಹುಡುಕಿ ಹಿಂದಿನ ದಿನ ಬಂದಿದ್ದ ಪುಣೆಯ ನಂಬರಿಗೆ ಕರೆ ಮಾಡಿದಳು. ಕೇಶರಬಾಯಿಯ ಗಂಡ ಮಾಣಿಕ ಎತ್ತಿದ. ಹಿಂದೆ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು.

"ಯಪ್ಪಾ, ಈಗ ನೋಡಿ ಹೇಳು. ಏನ್ ಕಾಣಸ್ತದ?"

ಅವನು ಬಹಳ ಹೊತ್ತಿನ ಮೇಲೆ ತಿರುಗಿ ಫೋನು ಮಾಡಿದ. "ಬಿಳೀ ಡಬ್ಬಿ ಅದರಿ. ನಡುವ ಒಂದು ಗಾಲಿ ತಿರಗಲತ್ತದ. ನಮ್ಮ ಶೆಡ್ಡಿನ್ಯಾಗ ನೆಟವರ್ಕ್ ಇಷ್ಟೇ."

"ಇನ್ನೂ ತಿರಗಲತ್ತದ?"

"ನಮ್ಮಂಗೇ ತಿರಗಲತ್ತದ್ರಿ."

ಕುಬರಾ ಮಚ್ಛೇಂದ್ರನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತಳು. "ಇವ್ರೇ ನನ್ನ ಗಿರಾಕಿ. ನಾ ಓದ್ತೇನಿ, ನೀ ಹೊಡಿ. ಉಳದವರು ಬಂದ್ರ ಬರ್ಲಿ. ಹೊಸದಾಗಿ ಮಾಡೋದಕ್ಕ ರೊಕ್ಕ ಕೇಳು, ಮುಚ್ಚಿಡಬ್ಯಾಡ."

ಅವನು ಗೊಣಗುತ್ತಲೇ ಒಂದೊಂದು ಕೀಲಿ ಹುಡುಕಿ ಹೊಡೆದ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ಅವಳು ಬೇಡವಾದ ಚಿತ್ರಗಳನ್ನೂ ಓಡುವ ಹೂವಿನ ಸಾಲನ್ನೂ ತೆಗೆಸಿದಳು. ಇಳಿಹೊತ್ತಿನ ಅಸರಿನ ಆಜಾನ್ ಆಗುವ ಹೊತ್ತಿಗೆ ಪುಟ ಬೋಳುಬೋಳಾಗಿ, ನೆಟ್ಟಗೆ ನಿಂತಿತು. ಮತ್ತೆ ಮಾಣಿಕನಿಗೆ ಫೋನು. ಅವನು ಸಾಲಿಯ ಹುಡುಗನಂತೆ ದೊಡ್ಡದಾಗಿ ಓದಿದ: "ಹಡ-ಪ-ಸರ ಗಾಡಿ-ತಳ. ಸಂಜಿ ಏಳು." ಸ್ವಲ್ಪ ತಡೆದು, "ಇಷ್ಟೇ ಇತ್ತೇನ್ರಿ?" ಎಂದ.



ಶುಕ್ರವಾರ ಬೆಳಗಿನ ಜಾವ ಬಸ್ಸು ಬರುವ ಮೊದಲೇ ಅವಳು ಓಣಿಯಲ್ಲಿ ಅಡ್ಡಾಡುತ್ತಿದ್ದಳು. ಬಸ್ಸು ತುಂಬಿರಲಿಲ್ಲ. ಆದರೆ ಇಳಿದವರನ್ನು ಬಿಟ್ಟೂ ಔರಾದದ ಕಡೆಯವರು ಕಿಟಕಿಗೆ ತಲೆಯಾನಿಸಿ ಕುಳಿತಿದ್ದರು, ಮಕ್ಕಳು ನಿದ್ದೆಯಲ್ಲಿದ್ದವು. ನಜಮೋದ್ದೀನ ಕೆಳಗೆ ಇಳಿಯದೆಯೇ ಕೇಳಿದ: "ಬಂದ್ ಏನು ಮತ್ತ?"

"ಮಾತು ಸಾಕು, ಹೊಡೀರಿ ಗಾಡಿ," ಎಂದಳು.

ಮರುವಾರ ಕೇಶರಬಾಯಿ ಪುಣೆಗೆ ಹೊರಟು ಭಾಲ್ಕಿಗೆ ಬಂದಳು. ತಾಯಿಯ ದಿನಕರ್ಮ ಮುಗಿದಿತ್ತು. ಬಸ್ಸು ಸಂತಪುರದಲ್ಲೇ ಸಿಗುತ್ತಿದ್ದರೂ ಈ ಆಫೀಸಿಗೇ ಬಂದು ಸೀಟು ಕೇಳಿದಳು. ಕುಬರಾ ಡ್ರೈವರನ ಹಿಂದಿನ ಕಿಟಕಿ ಸೀಟು ಬರೆದು ಚೀಟಿಯನ್ನು ಮುಂದೆ ತಳ್ಳಿದಳು.

"ಎಷ್ಟ್ರಿ?"

"ಬ್ಯಾಡ ಅವ್ವಾ. ನಿನ್ನ ಹತ್ರ ನಾ ಹ್ಯಾಂಗ ತಗೋಲಿ?"

ಕೇಶರಬಾಯಿ ಗೋಡೆಯ ಮೇಲಿನ ದರದ ಪಟ್ಟಿಯನ್ನು ನೋಡಿ ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟಳು. ಕುಬರಾ ಹಿಂದಕ್ಕೆ ಸರಿಸಿದಳು. ಅವಳು ಮತ್ತೆ ಮುಂದಿಟ್ಟಳು.

"ಗಾಡಿ ರೊಕ್ಕ ತಗೋರಿ. ಅವತ್ತಿಂದಕ್ಕ ಇದಕ್ಕ ಕೂಡಸಬ್ಯಾಡ್ರಿ. ಅದು ಹಂಗೇ ಇರ್ಲಿ."

ಹೊರಗೆ ನಜಮೋದ್ದೀನ ಹಾರ್ನು ಹೊಡೆದ. ಕುಬರಾ ನೋಟುಗಳನ್ನು ಗಲ್ಲಾಪೆಟ್ಟಿಗೆಗೆ ಹಾಕಿದಳು.