ಎರಡು ಕೈ ಬೇಡುವ ಬೊಕೆ

ಹೂವಿನಂಗಡಿ ನಡೆಸುವ ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥವಳ ಮುಂದೆ ಅಣ್ಣನ ಮಗಳು, ಮನೆಮಂದಿಯೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ, ಮದುವೆಗೆ ಮೊಣಕಾಲವರೆಗೆ ಇಳಿಬೀಳುವ ಬೊಕೆಯೇ ಬೇಕೆಂದು ಹಟ ಹಿಡಿದು ನಿಂತಿದ್ದಳು.

"ಅದು ನಿನಗಿಂತ ದಪ್ಪ ಇರತ್ತೆ ಕಣೇ! ಮದುಮಗಳು ಎಲ್ಲಿ ಅಂತ ಜನ ಹುಡುಕ್ಬೇಕಾಗತ್ತೆ."

"ಹುಡುಕ್ಲಿ ಬಿಡಿ ಅತ್ತೆ. ನಂಗೆ ಅದೇ ಬೇಕು."

ಅತ್ತೆಯ ಅಂಗಡಿಯಲ್ಲಿ ಒಂದು ಪದ್ಧತಿ. ಯಾವ ಮದುಮಗಳೂ ಬರೀ ಫೋಟೊ ನೋಡಿ ಬೊಕೆ ಆರಿಸುವಂತಿಲ್ಲ. ಬಿಸಾಡುವ ಕಾಂಡ, ಬಾಡಿದ ಎಲೆಗಳನ್ನೇ ಅದೇ ಆಕಾರಕ್ಕೆ, ಅದೇ ಭಾರಕ್ಕೆ ಕಟ್ಟಿ ಅತ್ತೆ ಕೈಗಿಡುತ್ತಾಳೆ. ಅದನ್ನು ಹಿಡಿದು, ಬಕೆಟ್ಟುಗಳ ಸಾಲಿನ ನಡುವೆ, ಮದುವೆಯ ದಿನ ಮದುಮಗಳನ್ನು ಕೈಹಿಡಿದು ವೇದಿಕೆಯವರೆಗೆ ಕರೆತರುವವರ ಜೊತೆಗೇ ನಡೆದು ತೋರಿಸಬೇಕು. ಅದಕ್ಕೆಂದೇ ಗುಬ್ಬಿಯ ಅಪ್ಪ, ಅಂದರೆ ಅತ್ತೆಯ ಅಣ್ಣನೂ ಬಂದಿದ್ದ. ಬಂದವನು ಮಾತ್ರ ಯಾರೋ ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ.

ಹೋದ ವರ್ಷ ಲಕ್ವ ಹೊಡೆದ ಮೇಲೆ ಅವನ ಎಡಗಾಲು ಎಳೆಯುತ್ತಿತ್ತು. ಯಾರದಾದರೂ ತೋಳು ಸಿಕ್ಕರೆ ನಡೆಯಬಲ್ಲ. ಆದರೆ ಅಷ್ಟೂ ಜನರ ಮುಂದೆ ಮಗಳ ಜೊತೆ ನಡೆಯುತ್ತಾನೋ ಇಲ್ಲವೋ? ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತೆಯ ನಿದ್ದೆ ಕೆಡಿಸಿದ್ದ ಚಿಂತೆ ಅದೊಂದೇ. ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ ಅವನು. ಸ್ವಂತ ಮಗಳ ಮದುವೆಯಲ್ಲಿ ಅವನು ಮೂಲೆ ಹಿಡಿದು ಕೂತರೆ ಅದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಅತ್ತೆ ಕಾಂಡದ ಬೊಕೆಯನ್ನು ಗುಬ್ಬಿಯ ಕೈಗಿಟ್ಟು, "ಏಳಣ್ಣ, ನಡಿ ನೋಡೋಣ" ಎಂದಳು.

ಅಣ್ಣ ಎದ್ದು ಮಗಳ ತೋಳು ಹಿಡಿದ. ಇಳಿಬೀಳುವ ಬೊಕೆ ಮುಂದಕ್ಕೆ ಜಗ್ಗುತ್ತದೆ, ಎರಡೂ ಕೈಯಲ್ಲಿ ಹಿಡಿಯದೆ ನಿಲ್ಲುವುದಿಲ್ಲ. ಗುಬ್ಬಿ ಅದನ್ನು ಸಂಭಾಳಿಸುತ್ತಿದ್ದಂತೆ ಅಪ್ಪನ ಹಿಡಿತ ಜಾರಿತು. ಅವನು ವಾಲಿದ, ಬಕೆಟ್ಟು ಮಗುಚಿತು, ನೀರೆಲ್ಲ ಅವನ ಶೂ ಮೇಲೆ!

"ನೋಡಿದ್ಯಾ?" ಅಣ್ಣ ಸ್ಟೂಲಿಗೆ ವಾಪಸಾಗಿ ನಗಲು ನೋಡಿದ. "ನಾನು ಕೂತೇ ಇರ್ತೀನಿ ಬಿಡು ಪುಟ್ಟಾ. ನೀನು ಚೆಂದದ ಹೂ ಹಿಡ್ಕೊಂಡು ಹೋಗು."

ಅತ್ತೆಗೆ ಉರಿದುಹೋಯಿತು. "ಏನೇ ನಿನ್ನ ಸೊಕ್ಕು! ಹೂವಿನ ಆಸೆಗೆ ಅಪ್ಪನ್ನೇ ಬಿಟ್ಟು ಹೋಗ್ತೀಯಾ?"

ಗುಬ್ಬಿ ಬೊಕೆಯನ್ನು ಮೇಜಿನ ಮೇಲೆ ಎಸೆದಳು. ಕಣ್ಣಲ್ಲಿ ಬಳಬಳನೆ ನೀರು.

"ಹೂವು ಯಾರಿಗೆ ಬೇಕಾಗಿತ್ತು ಅತ್ತೆ? 'ಎಲ್ಲರೂ ನನ್ನ ಕಾಲನ್ನೇ ನೋಡ್ತಾರೆ' ಅಂತ ಅಪ್ಪ ಅಮ್ಮನ ಹತ್ರ ಹೇಳ್ತಿದ್ರು, ಕೇಳಿಸ್ಕೊಂಡೆ. ಬೊಕೆ ಅಷ್ಟು ದೊಡ್ಡದಿದ್ರೆ ಎಲ್ಲರ ಕಣ್ಣೂ ಅದರ ಮೇಲೇ ಇರತ್ತೆ, ಅಪ್ಪ ಆರಾಮಾಗಿ ನಡೀಬಹುದು ಅಂದ್ಕೊಂಡೆ!"

"ಅಯ್ಯೋ ನನ್ನ ಕಂದಾ, ನನ್ನ ಬಾಯಿಗೆ ಬೆಂಕಿ ಹಾಕ!" ಎಂದು ಅತ್ತೆ ಅವಳನ್ನು ಎಳೆದು ತಬ್ಬಿಕೊಂಡಳು. ಅಪ್ಪನ ಕಾಲು ಮುಚ್ಚಲು ಹೋಗಿ ಅಪ್ಪನಿಗೆ ಬೇಕಾದ ತೋಳನ್ನೇ ಕಸಿದುಕೊಳ್ಳುತ್ತಿತ್ತಲ್ಲ ಈ ಪೆದ್ದು ಹುಡುಗಿ!

ಅಣ್ಣ ಒದ್ದೆ ಶೂಗಳಿಂದ ತಲೆಯೆತ್ತಿ ತಂಗಿಯ ಕಡೆ ತಿರುಗಿದ.

"ಒಂದೇ ಕೈಲಿ ಹಿಡಿಯೋ ಅಂಥದ್ದು ಇಲ್ವೇನೇ ನಿನ್ನ ಅಂಗಡೀಲಿ?"

ಇಲ್ಲದೆ ಏನು! ಅತ್ತೆ ಮೂಗೊರೆಸಿಕೊಂಡು, ಅಂಗೈಯಲ್ಲಿ ಕೂರುವಂಥ ದುಂಡನೆಯ ಪುಟ್ಟ ಗೊಂಚಲು ಕಟ್ಟಿ ಗುಬ್ಬಿಯ ಬಲಗೈಗಿಟ್ಟಳು. ಎಡತೋಳನ್ನು ಅಪ್ಪ ಹಿಡಿದ.

"ಎಲ್ಲರೂ ನೋಡ್ತಾರಪ್ಪ" ಎಂದಳು ಮಗಳು, ಮೆಲ್ಲಗೆ.

"ನೋಡ್ಲಿ ಬಿಡೇ. ಮಗಳ ಜೊತೆ ಹೋಗ್ತಿದೀನಿ, ಕದ್ದುಕೊಂಡು ಓಡ್ತಿಲ್ವಲ್ಲ!"

ಇಬ್ಬರೂ ಹೊರಟರು. ಕಾಲು ಎಳೆಯುತ್ತಲೇ ಇತ್ತು, ಗುಬ್ಬಿ ಅದಕ್ಕೆ ತಕ್ಕಂತೆ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಬಾಗಿಲು ತೆರೆದು ಯಾರೋ ಗಿರಾಕಿ ಒಳಬಂದ. ಅವನ ನೋಟ ನೆಟ್ಟಗೆ ಅಣ್ಣನ ಕಾಲಿಗೇ ಇಳಿಯಿತು. ಈಗ ಅಣ್ಣ ಕೈಬಿಡುತ್ತಾನೆ, ಸ್ಟೂಲಿಗೆ ಹೋಗುತ್ತಾನೆ ಎಂದುಕೊಂಡಳು ಅತ್ತೆ.

ಅಣ್ಣ ಮಗಳ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಆ ಗುರುತು ಪರಿಚಯವಿಲ್ಲದ ಮನುಷ್ಯನ ಎದುರು ನಿಂತ.

"ನನ್ನ ಮಗಳು" ಎಂದ. "ಮದುವೆ. ನಾನೇ ಕರ್ಕೊಂಡು ಬರೋದು."