ಕಸೂತಿಗೆ ಅಸ್ತರು ಹಚ್ಚಿದವಳು

ನಾನೊಂದು ಸೂಜಿ. ಹಾಗೆಂದ ಕೂಡಲೇ ಎಷ್ಟು ಚಿಕ್ಕದು, ಪಾಪ ಎಂದು ಯಾರೂ ಕನಿಕರ ತೋರಿಸಬೇಕಾಗಿಲ್ಲ. ನನಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ. ಉಕ್ಕಿನ ತಂತಿಯನ್ನು ಎಳೆದು, ಕತ್ತರಿಸಿ, ಕಾಸಿ, ಒಂದು ತುದಿಯನ್ನು ಮಸೆದು, ಇನ್ನೊಂದು ತುದಿಗೆ ತೂತು ಕೊರೆದು ನನ್ನನ್ನು ಹುಟ್ಟಿಸಿದರು. ಹುಟ್ಟಿದ ದಿನವೇ ತಲೆಯಲ್ಲಿ ತೂತು ಬಿದ್ದವರಿಗೆ ಸಿಟ್ಟು ಸ್ವಲ್ಪ ಹೆಚ್ಚಿರುತ್ತದೆ. ಇಪ್ಪತ್ತನಾಲ್ಕು ಒಡಹುಟ್ಟಿದವರ ಜೊತೆ ಕರಿ ಕಾಗದದಲ್ಲಿ ಸುತ್ತಿಸಿಕೊಂಡು ಧಾರವಾಡದ ಒಂದು ಬಳೆ ಅಂಗಡಿಗೆ ಬಂದೆ.

ಅಲ್ಲಿಂದ ನನ್ನನ್ನು ಒಯ್ದವರು ಚಂಪಕ್ಕ. ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದ ಅರವತ್ತರ ಹೆಂಗಸು, ಬಾಯಿ ನನಗಿಂತ ಚೂಪು. ಅವರ ಕಸೂತಿಗೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ, ಹೋಗುವಾಗ ಒಂದು ಬಿಟ್ಟು ಒಂದು ಚುಚ್ಚಿ, ಬರುವಾಗ ಬಿಟ್ಟದ್ದನ್ನು ತುಂಬಬೇಕು. ಆಗ ಹಿಂದೆ ಮುಂದೆ ಎರಡೂ ಕಡೆ ಚಿತ್ರ ಒಂದೇ ಬರುತ್ತದೆ. ಶಿಷ್ಯೆಯರು ಬಟ್ಟೆ ತಂದರೆ ಚಂಪಕ್ಕ ಮುಂಭಾಗ ನೋಡುತ್ತಲೇ ಇರಲಿಲ್ಲ, ಮೊದಲು ಮಗುಚಿ ಹಿಂಭಾಗ ನೋಡುತ್ತಿದ್ದರು. ಎಷ್ಟೋ ಹುಡುಗಿಯರು ಅದಕ್ಕೇ ಅತ್ತಿದ್ದುಂಟು.

ಚಂಪಕ್ಕ ನನ್ನನ್ನು ಶಿಷ್ಯೆ ಬಸಲಿಂಗವ್ವನ ಕೈಗೆ ಕೊಟ್ಟರು. ಅವಳ ಬೆರಳು ಹಗುರ, ಮಾತು ಕಡಿಮೆ. ಅವಳ ಗಂಡ ಅಡಿವೆಪ್ಪ ಪಾತ್ರೆ ಅಂಗಡಿಯವನು. ಓಣಿಯಲ್ಲಿ ಎಲ್ಲರಿಗೂ ಬೇಕಾದವನು, ಮುದುಕರನ್ನು ಕೈಹಿಡಿದು ರಸ್ತೆ ದಾಟಿಸುವವನು. ಮನೆಗೆ ಬಂದರೆ ಬೆಲ್ಟು ಬಿಚ್ಚುತ್ತಿದ್ದ. ಸೀರೆ ಎಲ್ಲಿಂದ ಎಲ್ಲಿಯವರೆಗೆ ಮುಚ್ಚುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದರಾಚೆ ಒಂದು ಏಟೂ ಬೀಳುತ್ತಿರಲಿಲ್ಲ. ನಾನು ಅವಳ ಸೆರಗಿನಲ್ಲಿ ಸಿಕ್ಕಿಕೊಂಡು ಎಲ್ಲವನ್ನೂ ನೋಡಿದ್ದೇನೆ.

ಒಮ್ಮೆ ಅವಳು ಅಣ್ಣನ ಮನೆಗೆ ಓಡಿಹೋದಳು. ಹಿರಿಯರು ಕೂಡಿದರು. ಅಡಿವೆಪ್ಪ ಇಸ್ತ್ರಿ ಅಂಗಿ ತೊಟ್ಟು ಪೇಢೆಯ ಡಬ್ಬಿ ಹಿಡಿದು ಬಂದ. ಎಲ್ಲರೂ ಪೇಢೆ ತಿಂದರು. ಕೈಮೇಲೆ, ಮುಖದ ಮೇಲೆ ಒಂದು ಗೆರೆಯೂ ಇಲ್ಲವಲ್ಲ ತಂಗಿ ಎಂದರು. ಅಷ್ಟು ಗಂಡಸರ ಮುಂದೆ ಅವಳಿಗೆ ಬೆನ್ನು ತೋರಿಸಲು ಆಗುತ್ತದೆಯೇ? ಬಾಯಿ ಒರೆಸಿಕೊಂಡು ಅವಳನ್ನು ಅವನ ಹಿಂದೆ ಕಳಿಸಿಕೊಟ್ಟರು. ಆ ಹಿರಿಯರ ಹೆಸರು ನನಗೆ ನೆನಪಿಲ್ಲ, ನೆನಪಿಡುವ ಮನಸ್ಸೂ ಇಲ್ಲ.

ಅದಾದ ವಾರದಲ್ಲಿ ಅವಳು ರವಿಕೆಯ ಖಣದ ಮೇಲೆ ತುಳಸಿಕಟ್ಟೆಯ ಚಿತ್ರ ಹಾಕುತ್ತಿದ್ದಳು. ಮುಂದೆ ಚೆಂದದ ತುಳಸಿಕಟ್ಟೆ. ಮಗುಚಿದರೆ ಹಿಂದೆ ಎತ್ತಿದ ಕೈ, ಐದೂ ಬೆರಳು, ಬೆರಳಲ್ಲಿ ಉಂಗುರ. ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದಳು. ಈ ಸಲ ಹಿಂದೆ ಬೆಲ್ಟು ಬಂತು, ಕುದುರೆ ತಲೆಯ ಬಕ್ಕಲ್ಲಿನ ಸಮೇತ. ಇದು ನನ್ನ ಕೆಲಸವಲ್ಲ, ಆಣೆ. ನನಗೆ ಅಂಥ ಶಕ್ತಿ ಇದ್ದಿದ್ದರೆ ಬಟ್ಟೆಯ ಮೇಲೇಕೆ ಕಾಲ ಕಳೆಯುತ್ತಿದ್ದೆ, ನೇರವಾಗಿ ಅವನ ಕಣ್ಣಿಗೇ ಹೋಗುತ್ತಿದ್ದೆ.

ಹೆದರಿದ ಬಸಲಿಂಗವ್ವ ಕಸೂತಿಯವರು ಯಾರೂ ಮಾಡದ ಕೆಲಸ ಮಾಡಿದಳು. ಹಿಂಭಾಗ ಕಾಣದಂತೆ ಅಸ್ತರಿನ ಬಟ್ಟೆ ಇಟ್ಟು ಸುತ್ತ ಹೊಲಿದುಬಿಟ್ಟಳು. ಮರುದಿನ ಅದನ್ನು ಮಗುಚಿದ ಚಂಪಕ್ಕ ಕನ್ನಡಕ ಏರಿಸಿದರು.

"ಇದೇನ ಬಸಲಿಂಗವ್ವ, ಕಸೂತಿಗೆ ಅಸ್ತರ ಹಚ್ಚೀಯಲ್ಲ? ಏನ್ ಮುಚ್ಚಾಕತ್ತೀ?"

"ದಾರ ಗೋಜಲಾಗಿತ್ರಿ ಅಕ್ಕಾರ."

"ನಿನ್ನ ಕೈ ನಾ ಕಂಡಿಲ್ಲೇನು? ತಾ ಇಲ್ಲೆ."

ಕತ್ತರಿ ಹಾಕಿ ಅಸ್ತರು ಕಿತ್ತರು. ಹಿಂದಿನ ಬೆಲ್ಟನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಹಿಂದ ಒಂದು, ಮುಂದ ಒಂದು ಆದ್ರ ಅದು ಕಸೂತಿ ಅಲ್ಲ. ತಿದ್ದು."

"ಎಷ್ಟ್ ಸಲಾ ಬಿಚ್ಚಿ ಹಾಕಿದ್ರೂ ಹಿಂದಿಂದು ಹೋಗವಲ್ದರಿ."

"ಹಿಂದಿಂದು ಯಾಕ ತಿದ್ದತೀ? ಸುಳ್ಳಿರೋದು ಮುಂದಿಂದು. ಅದನ್ನ ತಿದ್ದು."

ಆ ತಿಂಗಳೇ ಅಡಿವೆಪ್ಪನ ತಂಗಿ ಮಹಾದೇವಿಯ ಕುಬುಸದ ಕಾರ್ಯ ಬಂತು. ತಂದೆತಾಯಿ ಇಲ್ಲದ ಹುಡುಗಿ, ಅಣ್ಣನೇ ಬಸುರಿ ತಂಗಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಿಸಬೇಕು. ಸೀರೆಗೆ ಹೆಂಡತಿಯ ಕಸೂತಿ ಇದ್ದರೆ ನಾಲ್ಕು ಜನ ಹೊಗಳುತ್ತಾರೆಂದು ಅವನೇ ತಂದುಕೊಟ್ಟ. ಹೆಂಗಸರ ಕೆಲಸವನ್ನು ಬಿಚ್ಚಿ ನೋಡುವ ಜಾಯಮಾನ ಅವನದಲ್ಲ. ಮೂರು ವಾರ ಅವಳು ಹಾಕಿದಳು. ಎಷ್ಟೋ ಸಲ ನಾನು ಅವಳ ಬೆರಳಿಗೇ ಚುಚ್ಚಿದೆ. ಅದೊಂದಕ್ಕೆ ನನಗೆ ಇವತ್ತಿಗೂ ಬೇಸರವಿದೆ. ಕಾರ್ಯಕ್ಕೆ ಬಂದವರು ನಂಬದೆ ನಕ್ಕುಬಿಟ್ಟರೆ, ಅವರೆಲ್ಲ ಉಂಡು ಹೋದ ಮೇಲೆ ಅವಳು ಅದೇ ಮನೆಯಲ್ಲಿ ಅವನೊಬ್ಬನ ಜೊತೆ ಉಳಿಯಬೇಕಿತ್ತು.

ಕಾರ್ಯದ ದಿನ ದೊಡ್ಡವ್ವ ಒಬ್ಬಳು ಸೀರೆ ಬಿಡಿಸಿ, ರೂಢಿಯಂತೆ ಸೆರಗನ್ನು ಮಗುಚಿ ನೋಡಿದಳು. ಮತ್ತೆ ಮುಂದೆ ನೋಡಿದಳು. ಎರಡೂ ಕಡೆ ಒಂದೇ. ಎತ್ತಿದ ಕೈ, ಬೆಲ್ಟು, ಮೂಲೆಯಲ್ಲಿ ಮುದುಡಿ ಕೂತ ಹೆಂಗಸು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

ಅಡಿವೆಪ್ಪ ನಗುತ್ತಲೇ ಬಂದ. "ಅಕಿಗೆ ಈಚೀಚೆಗೆ ತಲಿ ಸರಿ ಇಲ್ರಿ. ಮಡಚಿ ಇಡ್ರಿ, ಬ್ಯಾರೆ ಸೀರಿ ತರಸ್ತೀನಿ."

ದೊಡ್ಡವ್ವ ಮಡಚತೊಡಗಿದಳು. ಇವರೂ ಪೇಢೆ ತಿನ್ನುವ ಪೈಕಿಯೇ ಎಂದು ನಾನು ಬಸಲಿಂಗವ್ವನ ಸೆರಗಿನಲ್ಲೇ ಉರಿದುಹೋದೆ. ಆಗ ಮಹಾದೇವಿ ಮಣೆಯಿಂದ ಎದ್ದು ಬಂದು, ಬಕ್ಕಲ್ಲಿನ ಮೇಲೆ ಬೆರಳಿಟ್ಟಳು.

"ಈ ಕುದುರಿ ತಲಿ ಅಪ್ಪನ ಬೆಲ್ಟಿಂದು. ಅವ್ವನ ಬೆನ್ನ ಮ್ಯಾಲೆ ಇದರ ಗುರ್ತು ನಾ ನೋಡೀನಿ. ಅಪ್ಪ ಸತ್ತ ದಿನಾನ ಬಾವಿಗೆ ಒಗದೆ ಅಂದಿದ್ದೆಲ್ಲಣ್ಣಾ?"

ಅಡಿವೆಪ್ಪ ಸೊಂಟದ ಮೇಲೆ ಅಂಗಿ ಎಳೆದುಕೊಂಡ. ಮಹಾದೇವಿ ಅತ್ತಿಗೆಯ ಕಡೆ ತಿರುಗಿದಳು.

"ವೈನಿ, ಉಡಸ ನನಗ. ನಾ ಇದನ್ನ ಉಟಗೊಂಡ ಕೂಡತೀನಿ."

ಉಟ್ಟು ಕೂತಳು. ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಆ ಸೆರಗಿಗೆ ಉಡಿ ತುಂಬಬೇಕಾಯಿತು, ನೋಡದೆ ವಿಧಿಯಿರಲಿಲ್ಲ. ಕಾರ್ಯ ಮುಗಿದ ಮೇಲೆ ಬಸಲಿಂಗವ್ವ ಒಂದು ಚೀಲ ಹಿಡಿದು, ಕಾರ್ಯಕ್ಕೆ ಬಂದಿದ್ದ ಚಂಪಕ್ಕನ ಜೊತೆ ನಡೆದಳು. ಯಾರೂ ತಡೆಯಲಿಲ್ಲ. ಅಡಿವೆಪ್ಪನಿಗೆ ಆಗಬೇಕಾದ್ದೇನೂ ಆಗಲಿಲ್ಲ. ಅಂಗಡಿ ಇನ್ನೂ ಇದೆ, ಮುದುಕರನ್ನು ಇನ್ನೂ ರಸ್ತೆ ದಾಟಿಸುತ್ತಾನಂತೆ. ಅದಕ್ಕೇ ಹೇಳಿದ್ದು, ನನಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ.

ಈಗ ನನ್ನ ಕಣ್ಣು ಮುರಿದಿದೆ, ದಾರ ನಿಲ್ಲುವುದಿಲ್ಲ. ಬಸಲಿಂಗವ್ವ ಈಗ ಕಲಿಸುವ ಚಂಪಕ್ಕನ ಕಸೂತಿ ಕೇಂದ್ರದ ಕಿಟಕಿಯಲ್ಲಿ, ಒಂದು ಬೆಂಕಿಪೊಟ್ಟಣದಲ್ಲಿ ಬಿದ್ದಿದ್ದೇನೆ. ಹುಡುಗಿಯರ ಕಾಲಿಗೆ ಮುಳ್ಳು ನೆಟ್ಟರೆ ಬಸಲಿಂಗವ್ವ ನನ್ನನ್ನು ಹುಡುಕುತ್ತಾಳೆ. ಉಳಿದ ದಿನ ತುಕ್ಕು ಹಿಡಿಯುವುದೇ ನನ್ನ ಕೆಲಸ.

ಕೊನೆಗೆ ನಾನು ಹೊಲಿದದ್ದು ಒಂದು ಆನೆ. ಗಂಡನ ಮನೆ ಬಿಟ್ಟ ಮೇಲೂ ಮೂರು ವರ್ಷ ಅವಳು ಏನೇ ಹಾಕಿದರೂ ಹಿಂದೆ ಆ ಕೈ ಬರುತ್ತಿತ್ತು. ಪ್ರತಿ ಸಲ ಉಸಿರು ಬಿಗಿಹಿಡಿದು ಮಗುಚುತ್ತಿದ್ದಳು. ಅವತ್ತು ಆನೆಯ ಬಾಲ ಮುಗಿಸುವಾಗ ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. "ಬಂದೆ ತಡೀರೇ" ಎಂದು ನಗುತ್ತಾ ಎದ್ದವಳು, ಬಟ್ಟೆಯನ್ನು ಮಡಚಿ ಕಪಾಟಿಗೆ ತಳ್ಳಿ ಹೋದಳು. ಮಗುಚಲೇ ಇಲ್ಲ. ಆಮೇಲೂ ಅವಳಿಗೆ ಅದರ ನೆನಪಾಗಲಿಲ್ಲ. ನಾನು ಆ ಬಟ್ಟೆಯಲ್ಲೇ ಇದ್ದೆ, ಹಿಂದೆ ಏನಿತ್ತೆಂದು ನೋಡಿದ್ದೇನೆ. ಹೇಳುವುದಿಲ್ಲ. ಅವಳಿಗೇ ಬೇಡವಾದದ್ದು ನಿಮಗೇಕೆ?